ಮಾಸ್ಕಿನೊಳಗೆ ನೀರು, ಕಾಲು ಮೇಲೆ, ತಲೆ ಕೆಳಗೆ

ಹೋದ ಫೆಬ್ರವರಿಯಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುತ್ತಾ ಒಂದು ಬಂಡೆಯ ಅಡಿಗೆ ಇಣುಕುತ್ತಿದ್ದೆ. ನೀರಿನೊಳಗೆ ಇಣುಕೋದು ಅಂದರೆ ಕಾಲು ಮೇಲೆ, ತಲೆ ಕೆಳಗೆ. ಸಂದಿಯಲ್ಲಿ ಒಂದು ಮೊರೆ ಈಲ್, ಹಾವಿನಂಥ ಮೀನು, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಗೈಡ್ ಟಾರ್ಚ್ ಬಿಟ್ಟು ತೋರಿಸಿದ್ದೇ ತಡ, ನಾನೂ ನನ್ನ ತಮ್ಮನೂ ಮದುವೆ ಮನೆಯ ಪಂಕ್ತಿಗೆ ನುಗ್ಗುವವರ ಹಾಗೆ ಒಟ್ಟಿಗೇ ತಲೆ ಹಾಕಿದೆವು. ಅವನಿಗೆ ಬೇಗ ಸಾಕಾಯಿತು, ತಿರುಗಿದ, ತಿರುಗುವಾಗ ಅವನ ಕಾಲಿನ ಫಿನ್, ಅಂದರೆ ಈಜೋಕೆ ಹಾಕಿಕೊಳ್ಳುವ ರೆಕ್ಕೆ, ಬಂದು ನನ್ನ ಮುಖಕ್ಕೆ ಪಟಾರ್ ಅಂತ ಬಡಿಯಿತು.

ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕ್ ಕಳಚಿಕೊಂಡು ಹೋಗಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಯಿತು, ಅಷ್ಟೇ. ಆದರೆ ಒಳಗೆ ಪೂರ್ತಿ ನೀರು. ನನ್ನ ಕಣ್ಣಿನ ನಂಬರ್ ಮೈನಸ್ 4, ಮಾಸ್ಕಿಗೇ ಪವರ್ ಗ್ಲಾಸ್ ಹಾಕಿಸಿದ್ದೇನೆ, ಹಾಗಾಗಿ ಮಾಸ್ಕಿನೊಳಗೆ ನೀರು ಬಂತು ಅಂದರೆ ನನಗೆ ಸಮುದ್ರ ಅನ್ನೋದು ಹಸಿರು ಹೊಗೆ.

ಇದು ನನಗೆ ಬಾರದ ಕೆಲಸವೇನೂ ಅಲ್ಲ. ಕೋರ್ಸ್ ಮಾಡುವಾಗ ಕಲಿಸುತ್ತಾರೆ. ಮೊದಲು ಅರ್ಧ ನೀರು ತುಂಬಿಸಿ ಹೊರಹಾಕಬೇಕು, ಆಮೇಲೆ ಪೂರ್ತಿ ತುಂಬಿಸಿ, ಆಮೇಲೆ ಮಾಸ್ಕ್ ತೆಗೆದು ಮತ್ತೆ ಹಾಕಿಕೊಂಡು, ಅದೂ ಸಾಲದು ಅಂತ ಒಂದು ನಿಮಿಷ ಮಾಸ್ಕೇ ಇಲ್ಲದೆ ಉಸಿರಾಡಬೇಕು. ಎಲ್ಲ ಮಾಡಿದ್ದೆ, ಈಜುಕೊಳದ ತಳದಲ್ಲಿ ಮಂಡಿಯೂರಿ ಕೂತು, ಒಳ್ಳೆ ಹುಡುಗಿಯ ಹಾಗೆ. ಹಣೆಯ ಹತ್ತಿರ ಫ್ರೇಮ್ ಒತ್ತು, ಸ್ವಲ್ಪ ಮೇಲೆ ನೋಡು, ಮೂಗಿನಿಂದ ಊದು. ಮುಗೀತು.

ಬಂಡೆಯ ಅಡಿಯಲ್ಲೂ ಅದನ್ನೇ ಮಾಡಿದೆ. ಹಣೆ ಒತ್ತಿದೆ, ಊದಿದೆ. ಗುಳ್ಳೆಗಳು ಮೂಗಿನ ಕೆಳಗಿನಿಂದ ತೂರಿಕೊಂಡು ಕೆನ್ನೆ ಸವರುತ್ತಾ ಕಾಲಿನ ಕಡೆ ಹೊರಟವು. ನೀರು ಇದ್ದಲ್ಲೇ ಇತ್ತು. ಇನ್ನೊಂದು ಸಲ ಜೋರಾಗಿ ಊದಿದೆ. ನೀರು ಹಾಗೇ ಇತ್ತು, ಆದರೆ ಈ ಸಲ ಊದಿ ನಿಲ್ಲಿಸಿದ ತಕ್ಷಣ ಉಪ್ಪುನೀರು ಮೂಗಿನ ಒಳಗೆಲ್ಲ ಇಳಿದು ಹಣೆಯ ಹಿಂದೆ ಎಲ್ಲೋ ಕುಟುಕಿತು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡೇ ಕೆಮ್ಮಿದೆ. ಮೇಲೆ ಓಡಿಹೋಗಿಬಿಡೋಣ ಅನ್ನೋ ಆಸೆ ಆಗ ಹೇಗೆ ಬರುತ್ತದೆ ಅಂದರೆ, ಅನುಭವಿಸದವರಿಗೆ ಹೇಳೋದು ಕಷ್ಟ. ನಾವಿದ್ದದ್ದು 8 ಮೀಟರ್ ಆಳ. 10 ಮೀಟರಿನಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಅಲ್ಲಿಂದ ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಶ್ವಾಸಕೋಶದಲ್ಲಿರುವ ಗಾಳಿಯೂ ಎರಡರಷ್ಟು ಹಿಗ್ಗಲು ನೋಡುತ್ತದೆ. ಮಾಸ್ಕಿನ ನೀರು ಯಾರನ್ನೂ ಕೊಲ್ಲುವುದಿಲ್ಲ, ಅದಕ್ಕೆ ಹೆದರಿ ಓಡೋದು ಕೊಲ್ಲಬಹುದು. ಗೈಡ್ ನನ್ನ ಸಿಲಿಂಡರ್ ಹಿಡಿದು ನನ್ನನ್ನು ನೆಟ್ಟಗೆ ಮಾಡಿದರು. ನೆಟ್ಟಗಾದ ಮೇಲೆ ಅದೇ ಕೆಲಸ ಒಂದೇ ಉಸಿರಿಗೆ ಆಯಿತು.

ದೋಣಿಯಲ್ಲಿ ತಮ್ಮ, "ಸಾರಿ ಅಕ್ಕ, ನೋಡ್ಲಿಲ್ಲ" ಅಂದ. ಡೈವಿಂಗ್‌ನಲ್ಲಿ ಜೊತೆಗಾರನಿಗೆ ಬಡ್ಡಿ ಅಂತಾರಲ್ಲ, ನನ್ನ ಬಡ್ಡಿ ಇವನೇ. "ಇರು, ಬಡ್ಡಿ ಸಮೇತ ತೀರಿಸ್ತೀನಿ" ಅಂದೆ. ಮುರ್ಡೇಶ್ವರದವರೆಗೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಕೈ ಅದೇ, ಮೂಗು ಅದೇ, ಮಾಸ್ಕ್ ಅದೇ, ಮತ್ತೆ ಯಾಕೆ ಆಗಲಿಲ್ಲ?

ಉತ್ತರ ಸಿಕ್ಕಿದ್ದು ಮನೆಯಲ್ಲಿ, ಬಕೆಟ್ ನೀರಿನಲ್ಲಿ ಲೋಟ ಅದ್ದುವಾಗ. ಲೋಟವನ್ನು ಕವುಚಿ ಅದ್ದಿದರೆ ಒಳಗೆ ಗಾಳಿ ಹಾಗೇ ಇರುತ್ತದೆ. ನೆಟ್ಟಗೆ ಮಾಡಿದರೆ ಗಾಳಿ ಬುಳುಬುಳು ಅಂತ ಹೊರಟು ನೀರು ತುಂಬುತ್ತದೆ. ನಾವು ನೆಟ್ಟಗೆ ನಿಂತಾಗ ಮೂಗಿನ ಹೊಳ್ಳೆ ಕೆಳಮುಖ, ಅಂದರೆ ಕವುಚಿದ ಲೋಟ. ಮಾಸ್ಕಿನಲ್ಲಿ ನೀರಿದ್ದರೂ ಮೂಗಿನೊಳಗೆ ಅದು ಸುಮ್ನೆ ಹತ್ತುವುದಿಲ್ಲ. ತಲೆಕೆಳಗಾದರೆ? ಅಲ್ಲೇ ಇರೋದು ಎಡವಟ್ಟು. ಮಾಸ್ಕಿನ ಕಥೆಯೂ ಇದೇ. ಗಾಳಿ ಯಾವಾಗಲೂ ಮೇಲೆ ಹೋಗಿ ಕೂರುತ್ತದೆ, ನೀರು ತಳದ ಕಡೆಯಿಂದ ಹೊರಗೆ ಹೋಗಬೇಕು. ನಾನು ತಲೆಕೆಳಗಾಗಿದ್ದಾಗ ತಳ ಅಂದರೆ ಹಣೆ. ಆ ತಳವನ್ನೇ ನಾನು ಎರಡೂ ಕೈಯಲ್ಲಿ ಒತ್ತಿ ಮುಚ್ಚಿ ಹಿಡಿದಿದ್ದೆ!

ಹಣೆ ಒತ್ತು ಅಂತ ಹೇಳಿಕೊಟ್ಟವರ ತಪ್ಪಲ್ಲ ಇದು. ಮೊದಲ ದಿನ ಭಯದಲ್ಲಿ ನಡುಗುವವರಿಗೆ ಅಷ್ಟೇ ಹೇಳಬೇಕು. ಆದರೆ ಆಮೇಲೆ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ, ನಾನೂ ನೋಡಿರಲಿಲ್ಲ.

ಅದಕ್ಕೇ ಬೆಂಗಳೂರಿನಲ್ಲಿ 3 ಮೀಟರ್ ಆಳದ ಒಂದು ಈಜುಕೊಳದಲ್ಲಿ, ಪರಿಚಯದ ಇನ್‌ಸ್ಟ್ರಕ್ಟರ್ ಒಬ್ಬರನ್ನು ಜೊತೆಗಿಟ್ಟುಕೊಂಡು, ನಾಲ್ಕು ಭಾನುವಾರ ನಾನೂ ತಮ್ಮನೂ ಇದನ್ನೇ ಮಾಡಿದೆವು. ಆಳ ಕಮ್ಮಿ ಅಂತ ಒಬ್ಬರೇ ಇಳಿಯಬೇಡಿ, ಉಸಿರು ಕಟ್ಟಿ ಮೇಲೆ ಬಂದರೆ 3 ಮೀಟರೂ ಅಪಾಯವೇ.

ಬೋರಲು ಮಲಗಿದಾಗ, ಅಂದರೆ ಈಜುವ ಭಂಗಿಯಲ್ಲಿ, ಮಾಸ್ಕಿನ ಗಾಜೇ ತಟ್ಟೆಯ ತಳ. ನೀರೆಲ್ಲ ಗಾಜಿನ ಮೇಲೆ ಕೂತಿರುತ್ತದೆ, ಊದಿದ ಗಾಳಿ ಅಂಚಿನಿಂದ ಸೋರಿ ಹೋಗುತ್ತದೆ. ಗದ್ದ ಎತ್ತಿ ಎದುರಿಗೆ ನೋಡಿದರೆ ಸಾಕು, ಈಜೋದು ನಿಲ್ಲಿಸಬೇಕಾಗಿಲ್ಲ. ಮಗ್ಗುಲಾದಾಗ ಮೇಲಿರುವ ಕಿವಿಯ ಕಡೆಯ ಫ್ರೇಮ್ ಒತ್ತಬೇಕು, ಕೆಳಗಿನ ಕಡೆಯಿಂದ ನೀರು ಹೋಗುತ್ತದೆ. ಇದು ಸುಲಭ, ಎರಡನೇ ಸಲಕ್ಕೇ ಬಂತು.

ಅಂಗಾತ ಮಲಗೋದು ಮಜಾ ಅಂದುಕೊಂಡಿದ್ದೆ, ಗುಳ್ಳೆಗಳು ಮೇಲೆ ಹೋಗೋದನ್ನು ನೋಡಬಹುದಲ್ವಾ. ಮಾಸ್ಕ್ ತುಂಬಿಸಿಕೊಂಡ ಮೇಲೆ ಮಜಾ ಎಲ್ಲ ಹೋಯಿತು. ಗಾಜು ಮೇಲಿದೆ, ಊದಿದ ಗಾಳಿ ಗಾಜಿಗೆ ಅಂಟಿಕೊಳ್ಳುತ್ತದೆ, ನೀರು ಸುತ್ತ ಅಂಚಿನಿಂದ ಇಳಿಯುತ್ತದೆ. ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಸಲೀಸು. ಆದರೆ ಕೊನೆಯ ಹನಿಯವರೆಗೂ ಮೂಗು ಒಂದು ಪುಟ್ಟ ಕೊಳದಲ್ಲಿ ಮುಳುಗಿಯೇ ಇರುತ್ತದೆ, ಮಧ್ಯದಲ್ಲಿ ಊದೋದು ನಿಲ್ಲಿಸಿದರೆ ನೀರು ಸೀದಾ ಗಂಟಲಿಗೆ.

ಇಲ್ಲೇ ಹೂಂಗುಟ್ಟೋದು ಕಲಿತೆ. ಕಥೆ ಕೇಳುವಾಗ ಹೂಂಗುಟ್ಟುತ್ತೇವಲ್ಲ, ಹಾಗೆ, ಆದರೆ ಉದ್ದಕ್ಕೆ. ರೆಗ್ಯುಲೇಟರ್ ಬಾಯಲ್ಲಿದ್ದರೂ "ಮ್ಮ್ಮ್" ಅನ್ನಬಹುದು, ಅಷ್ಟು ಹೊತ್ತೂ ಮೂಗಿನಿಂದ ಗಾಳಿ ಸಣ್ಣಗೆ ಹೊರಗೆ ಬರುತ್ತಲೇ ಇರುತ್ತದೆ. ಜೋರಾಗಿ ಸಿಂಬಳ ಸೀಟುವ ಹಾಗೆ ಊದಿದರೆ ಗಾಳಿ ನೀರನ್ನು ತಳ್ಳುವ ಮೊದಲೇ ತಾನು ತಪ್ಪಿಸಿಕೊಳ್ಳುತ್ತದೆ. ಮಾಸ್ಕಿನಲ್ಲಿ ಹಿಡಿಯೋದೇ ಹೆಚ್ಚುಕಮ್ಮಿ ಒಂದು ಕಾಫಿ ಲೋಟದಷ್ಟು ನೀರು. ನಾವು ಸುಮ್ನೆ ಕೂತು ಬಿಡುವ ಒಂದು ಉಸಿರೇ ಅರ್ಧ ಲೀಟರ್. ಅವಸರಕ್ಕೆ ಕಾರಣವೇ ಇಲ್ಲ.

ಇನ್ನು ತಲೆಕೆಳಗಿನದು. ಮೂರು ಭಾನುವಾರ ಇದಕ್ಕೇ ಹೋಯಿತು. ಮೊದಲನೆಯದಾಗಿ ಹಾಗೆ ನಿಲ್ಲೋದೇ ಕಷ್ಟ, ತೇಲೋದಕ್ಕೆ ಅಂತ ಹಾಕಿಕೊಳ್ಳುವ ಜಾಕೆಟ್ಟಿನ ಗಾಳಿ ಸೊಂಟದ ಕಡೆ ಸೇರಿಕೊಂಡು ನಮ್ಮನ್ನು ಎಲ್ಲೆಲ್ಲಿಗೋ ವಾಲಿಸುತ್ತದೆ. ತಮ್ಮ ಬಂದು ನನ್ನ ಎರಡೂ ಪಾದ ಹಿಡಿದ. ಅಂತೂ ಅಕ್ಕನ ಕಾಲು ಹಿಡಿದ! ಎರಡನೆಯದು ರೆಗ್ಯುಲೇಟರ್: ತಲೆಕೆಳಗಾದಾಗ ಅದರ ನೀರು ಹೊರಹೋಗುವ ಕವಾಟ ತಳದಲ್ಲಿ ಇರುವುದಿಲ್ಲ, ಉಸಿರಿನ ಜೊತೆ ಒಂದೆರಡು ಹನಿ ಬಾಯಿಗೆ ಬರುತ್ತದೆ. ನಾಲಿಗೆಯ ತುದಿ ಅಂಗುಳಿಗೆ ಹಚ್ಚಿ ನಿಧಾನ ಎಳೆದುಕೊಂಡರೆ ಕೆಮ್ಮು ಬರುವುದಿಲ್ಲ. ಮೂರನೆಯದೇ ಮಾಸ್ಕ್. ಗದ್ದವನ್ನು ಎದೆಗೆ ತಂದು ನನ್ನದೇ ಕಾಲಿನ ಕಡೆ ನೋಡಿದೆ, ಬೆರಳುಗಳನ್ನು ಮೂಗಿನ ಎರಡೂ ಪಕ್ಕ, ಫ್ರೇಮಿನ ಕೆಳ ಅಂಚಿನ ಮೇಲೆ ಒತ್ತಿದೆ, ಹಣೆಯ ಕಡೆ ಸಡಿಲ ಬಿಟ್ಟೆ, ಹೂಂಗುಟ್ಟಿದೆ. ತಣ್ಣನೆ ನೀರು ಹುಬ್ಬಿನ ಮೇಲಿಂದ ಹಣೆಗೆ, ಹಣೆಯಿಂದ ಕೂದಲಿನೊಳಗೆ ಹರಿದುಹೋಯಿತು. ಮೊದಲು ಮೂಗಿನ ಹತ್ತಿರ ಬೆಳಕಿನ ಒಂದು ಗೆರೆ ಕಂಡಿತು, ಆಮೇಲೆ ಅದು ದಪ್ಪಗಾಯಿತು, ಆಮೇಲೆ ತಮ್ಮನ ಕಾಲು ಕಂಡಿತು. ಎಂಥ ಕೆಟ್ಟ ಉಗುರು ಅಂತೀರಿ.

ಅವನಿಗೆ ಮಾತ್ರ ಇದು ಪೂರ್ತಿ ಬರಲೇ ಇಲ್ಲ. ಕಾರಣ ಮೀಸೆ. ನಿಂತಾಗ ಅವನ ಮೀಸೆಯ ಸಂದಿಯಿಂದ ನೀರು ಒಳಗೆ ಬರುತ್ತದೆ, ತಲೆಕೆಳಗಾದಾಗ ಅದೇ ಸಂದಿಯಿಂದ ಗಾಳಿ ಹೊರಗೆ ಓಡುತ್ತದೆ, ಎಷ್ಟು ಊದಿದರೂ ಅರ್ಧ ಮಾಸ್ಕ್ ನೀರು ಉಳಿಯುತ್ತದೆ. ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿಕೋ ಅಂದರು ಇನ್‌ಸ್ಟ್ರಕ್ಟರ್. ಮಳೆಗಾಲ ಮುಗಿದು ದೋಣಿ ಶುರುವಾಗೋವರೆಗೆ ಯೋಚಿಸ್ತೀನಿ ಅಂದಿದ್ದಾನೆ.

ನಾಲ್ಕನೇ ಭಾನುವಾರ ಮನೆಗೆ ಬಂದು ಊಟಕ್ಕೆ ಕೂತೆವು. ಅಮ್ಮ ಸಾರು ಬಡಿಸಿದಳು. ಕಲಸೋಣ ಅಂತ ತಟ್ಟೆಗೆ ಬಗ್ಗಿದೆ, ಎರಡು ಗಂಟೆಯಿಂದ ಎಲ್ಲಿ ಅಡಗಿತ್ತೋ, ಮೂಗಿನಿಂದ ಈಜುಕೊಳದ ನೀರು ದಳದಳ ಅಂತ ಸಾರನ್ನಕ್ಕೆ ಸುರಿಯಿತು. ತಮ್ಮ ನಕ್ಕು ನಕ್ಕು ಬಗ್ಗಿದ. ಅವನದೂ ಸುರಿಯಿತು.

ಅಮ್ಮ ಎರಡೂ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. "ಮೊದ್ಲು ಹಿತ್ಲಿಗೆ ಹೋಗಿ ತಲೆಕೆಳಗಾಗಿ ನಿಂತ್ಕೊಳ್ಳಿ, ಆಮೇಲೆ ಊಟ" ಅಂದಳು.