ಉಸಿರಿನ ನಳಿಕೆ ತೆಗೆಯುವ ಮೊದಲು ನೋಡಬೇಕಾದ ಸಂಖ್ಯೆ

ಸೋಮವಾರಪೇಟೆಯ ನಮ್ಮ ದೊಡ್ಡಮ್ಮನಿಗೆ ಕಾಫಿ ಕೊಯ್ಲು ಮುಗಿದ ಮೇಲೆ ಮೈಸೂರಿನಲ್ಲಿ ಪಿತ್ತಕೋಶದ ಆಪರೇಷನ್. "ಮತ್ತು ಕೊಟ್ರೆ ಎಚ್ಚರ ಆಗ್ತದಲ್ವಾ ಮಗಾ?" ಅಂತ ಫೋನಿನಲ್ಲಿ ಕೇಳಿದರು. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ರಿಕವರಿ ನರ್ಸ್ (ಆಪರೇಷನ್ ಮುಗಿದವರು ಎಚ್ಚರವಾಗುವಾಗ ನೋಡಿಕೊಳ್ಳುವವಳು) ಆಗಿರುವ ನನಗೆ ಆ ಭಯ ಗೊತ್ತು. ಎಚ್ಚರವೇನೋ ಆಗುತ್ತದೆ. ಆದರೆ ಅಷ್ಟೊತ್ತಿಗೆ ಸ್ನಾಯುಗಳಿಗೆ ಪೂರ್ತಿ ಬಲ ಬಂದಿರಬೇಕು. ಅದನ್ನು ಯಾರೂ ಕೇಳುವುದಿಲ್ಲ.

ಇಂಥ ಆಪರೇಷನ್‌ಗೆ ಮತ್ತಿನ ಔಷಧದ ಜೊತೆ ಸ್ನಾಯು ಸಡಿಲಿಸುವ ಔಷಧವನ್ನೂ ಕೊಡುತ್ತಾರೆ, ಉಸಿರಾಟಕ್ಕೆ ಗಂಟಲಿನೊಳಗೆ ನಳಿಕೆ ಇಡುತ್ತಾರೆ. ನಳಿಕೆ ತೆಗೆಯುವಾಗ ಆ ಔಷಧದ ಪರಿಣಾಮ ಸ್ವಲ್ಪ ಉಳಿದರೂ ಗಂಟಲಿನ ಸ್ನಾಯು ಸೋಲುತ್ತದೆ, ಕೆಮ್ಮಲು ಆಗುವುದಿಲ್ಲ, ಆಮ್ಲಜನಕ ಇಳಿಯಬಹುದು, ಆಮೇಲೆ ನ್ಯುಮೋನಿಯಾ ಆಗುವ ಸಾಧ್ಯತೆಯೂ ಜಾಸ್ತಿ. ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು.

ತಲೆ ಎತ್ತಿಸಿ, ಕೈ ಹಿಡಿಸಿ ನೋಡಿದರೆ ಸಾಲದು. ನಿಶ್ಶಕ್ತಿ ಉಳಿದವರೂ ಅದರಲ್ಲಿ ಪಾಸಾಗುತ್ತಾರೆ. ಸರಿಯಾದ ದಾರಿ ಅಳೆಯುವುದು. ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಹೆಬ್ಬೆರಳಿನ ನಾಲ್ಕನೇ ಮಿಡುಕನ್ನು ಮೊದಲನೆಯದಕ್ಕೆ ಹೋಲಿಸುತ್ತಾರೆ. ಈ ಅನುಪಾತ ಕನಿಷ್ಠ 0.9 ಬರಬೇಕು. 0.4 ದಾಟಿದ ಮೇಲೆ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದೇ ಇಲ್ಲ! ಅದಕ್ಕೇ ಇಲ್ಲಿನ ಅರಿವಳಿಕೆ ವೈದ್ಯರ ಸಂಘ, ಈ ಔಷಧ ಕೊಟ್ಟಾಗಲೆಲ್ಲ ಯಂತ್ರದಿಂದ ಅಳೆಯಬೇಕು ಅಂತ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದು ಎಲ್ಲ ಕಡೆ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಲ ಮರಳಿಸಲು ನಿಯೋಸ್ಟಿಗ್ಮಿನ್ ಅನ್ನುವ ಔಷಧ ಇದೆ. ಆದರೆ ದೇಹ ತಾನೇ ಸುಮಾರು ಚೇತರಿಸಿಕೊಂಡ ಮೇಲೆ ಕೊಟ್ಟರೆ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸುಗಮಾಡೆಕ್ಸ್ ಅನ್ನುವ ಇನ್ನೊಂದು ಔಷಧ, ಸ್ನಾಯು ಸಡಿಲಿಸುವ ರೊಕ್ಯುರೋನಿಯಂನ ಅಣುವನ್ನೇ ಸುತ್ತಿ ಹಿಡಿಯುತ್ತದೆ. ಹಾಗಾಗಿ ಬೇಗ ಚೇತರಿಕೆ ಆಗುತ್ತದೆ. ಸ್ನಾಯು ಸಡಿಲಿಸುವ ಇನ್ನೊಂದು ಔಷಧವಾದ ಅಟ್ರಾಕ್ಯೂರಿಯಂ ಕೊಟ್ಟಿದ್ದರೆ ಮಾತ್ರ ಇದು ನಡೆಯದು. (ಗರ್ಭನಿರೋಧಕ ಮಾತ್ರೆ ನುಂಗುವ ಹೆಣ್ಣುಮಕ್ಕಳು ಸುಗಮಾಡೆಕ್ಸ್ ಕೊಟ್ಟರಾ ಅಂತ ಕೇಳಿಕೊಳ್ಳಿ. ಕೊಟ್ಟಿದ್ದರೆ ಮುಂದಿನ 7 ದಿನ ಬೇರೆ ಉಪಾಯವೂ ಬೇಕು.)

ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರ್ ಬಂದಾಗ ಕಿಡ್ನಿ ತೊಂದರೆ, ಮಯಸ್ತೇನಿಯಾ (ಸ್ನಾಯುಗಳು ಸೋಲುವ ಕಾಯಿಲೆ), ಮನೆಯವರಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿದ್ದರೆ ಅದನ್ನೂ ಹೇಳಿ. "ನಳಿಕೆ ತೆಗೆಯುವ ಮೊದಲು ಸ್ನಾಯುಬಲ ಅಳೆಯುತ್ತೀರಾ ಡಾಕ್ಟ್ರೇ?" ಅಂತ ಕೇಳಿ. ಎಚ್ಚರವಾದ ಮೇಲೆ ರೆಪ್ಪೆ ಎತ್ತಲಾಗದೆ, ಎರಡೆರಡು ಕಂಡು, ಎಂಜಲು ನುಂಗಲು ಕಷ್ಟವಾದರೆ ನಿದ್ದೆಮಂಪರು ಅಂತ ಸುಮ್ನೆ ಬಿಡಬೇಡಿ. ತಕ್ಷಣ ನರ್ಸನ್ನು ಕರೆಯಿರಿ.