ಹುಲಿ ಇಲ್ಲದ ಕಾಡಲ್ಲಿ ಚಿರತೆ ನಡೆಯೋ ರೀತಿ

"ಆನೆ ನೋಡೋಕೆ ದುಡ್ಡು ಕೊಟ್ಟು ಸಮುದ್ರ ದಾಟಬೇಕೇನೋ? ನಮ್ಮ ಜಮೀನಿಗೆ ಬಾ, ಬಿಟ್ಟಿಯಾಗೇ ಬರ್ತವೆ."

ಶ್ರೀಲಂಕಾಕ್ಕೆ ಟಿಕೆಟ್ ಮಾಡಿಸಿದ್ದೀನಿ ಅಂದಾಗ ಅಪ್ಪ ಹೇಳಿದ್ದು ಇದು. ಅವರ ಮಾತಲ್ಲಿ ತಪ್ಪೇನಿಲ್ಲ. ಎಚ್.ಡಿ. ಕೋಟೆ ಕಡೆ ಇರುವ ನಮ್ಮ ಎರಡೂವರೆ ಎಕರೆಗೆ ವರ್ಷಕ್ಕೊಂದು ಸಲವಾದರೂ ಆನೆ ನುಗ್ಗುತ್ತದೆ. ಬೆಂಗಳೂರಲ್ಲಿ ಕೂತ ನನಗೆ ಅದು ವಾಟ್ಸಾಪ್ ವಿಡಿಯೊ, ಅವರಿಗೆ ಕೈಗೆ ಬಂದು ಹೋದ ರಾಗಿ. ಆದರೂ ಮೊಮ್ಮಗ ಹಟ ಹಿಡಿದ, ತಾತ ಹೊರಟರು. ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಸಂಜೆ ಹೊತ್ತು ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಇನ್ನೂ ಜಾಸ್ತಿ ಹಿಡಿಯುತ್ತದೆ, ಅಲ್ವಾ?

ನಾವು ಹೋಗಿದ್ದು ಆಗಸ್ಟ್‌ನಲ್ಲಿ. ಅದಕ್ಕೆ ಕಾರಣ ಮಿನ್ನೇರಿಯ. ಮಹಾಸೇನ ರಾಜ 3ನೇ ಶತಮಾನದಲ್ಲಿ ಕಟ್ಟಿಸಿದ ದೊಡ್ಡ ಕೆರೆ ಅದು. ಮಳೆ ಇಲ್ಲದ ತಿಂಗಳುಗಳಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಎಳೇ ಹುಲ್ಲು ಚಿಗುರುತ್ತದೆ, ಸುತ್ತಮುತ್ತಲ ಕಾಡಿನ ಆನೆಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ನಮ್ಮ ಕಬಿನಿ ಹಿನ್ನೀರಲ್ಲಿ ಏಪ್ರಿಲ್, ಮೇನಲ್ಲಿ ಆಗೋದೂ ಇದೇ ತಾನೆ? ಲೆಕ್ಕ ಒಂದೇ, ತಿಂಗಳು ಮಾತ್ರ ಬೇರೆ. ಒಳ್ಳೆಯ ವರ್ಷ ಇನ್ನೂರು ಮುನ್ನೂರು ಆನೆ ಸೇರುತ್ತವಂತೆ. ನಮ್ಮ ಮಗ ಎಪ್ಪತ್ತೆರಡರವರೆಗೆ ಎಣಿಸಿ, ನಡುವೆ ಒಂದು ಮರಿ ಅಮ್ಮನ ಹೊಟ್ಟೆ ಕೆಳಗೆ ನುಸುಳಿ ಆ ಕಡೆಯಿಂದ ಎದ್ದು ಬಂದದ್ದಕ್ಕೆ ಲೆಕ್ಕ ತಪ್ಪಿ ಕೈಬಿಟ್ಟ.

ಅಪ್ಪ ಮಾತಾಡದೆ ನೋಡುತ್ತಿದ್ದವರು, ಸ್ವಲ್ಪ ಹೊತ್ತಾದ ಮೇಲೆ "ಲೋ, ಇಲ್ಲಿ ಒಂದಕ್ಕೂ ದಂತ ಇಲ್ವಲ್ಲೋ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ! ನಮ್ಮ ಕಡೆ ಗಂಡಾನೆ ಅಂದರೆ ದಂತ ಇದ್ದೇ ಇರುತ್ತದೆ, ಇಲ್ಲದ್ದನ್ನು ಮಖ್ನಾ ಅಂತ ಬೇರೆ ಹೆಸರಿಟ್ಟು ಕರೆಯುತ್ತೇವೆ. ಲಂಕೆಯಲ್ಲಿ ಇದು ಉಲ್ಟಾ. ಅಲ್ಲಿ ಗಂಡಾನೆಗಳಲ್ಲಿ ನೂರಕ್ಕೆ ಹತ್ತಕ್ಕೂ ದಂತ ಇರೋದಿಲ್ಲ. ಹಾಗಾಗಿ ಸಿಂಹಳದಲ್ಲಿ ಮಾಮೂಲಿ ಆನೆ ಅಲಿಯಾ, ದಂತ ಇರುವುದಕ್ಕೇ ಬೇರೆ ಹೆಸರು.

ಅಲ್ಲಿಂದ ಯಾಲಾ, ಚಿರತೆಗೆ ಹೆಸರಾದ ಕಾಡು. ಯಾಲಾಗೆ ಹೋಗುವವರು ಮೊದಲೇ ತಿಳಿದುಕೊಳ್ಳಬೇಕಾದದ್ದು: ಜನ ವಿಪರೀತ. ಹೋಟೆಲಿನವರು ಗೊತ್ತು ಮಾಡಿಕೊಟ್ಟ ಜೀಪು ಬೆಳಗಿನ ಜಾವ ಐದಕ್ಕೇ ತಿಸ್ಸಮಹಾರಾಮದಿಂದ ಹೊರಟಿತು. ಆರಕ್ಕೆ ಗೇಟು ತೆಗೆದ ತಕ್ಷಣ ಶುರುವಾಯಿತು ನೋಡಿ ರೇಸು. ಡ್ರೈವರ್ ಫೋನಿಗೆ "ಕೊಟಿಯಾ" ಅಂತ ಒಂದು ಮಾತು ಬಂದರೆ ಸಾಕು, ಗುಂಡಿ ಗೊಟರು ಲೆಕ್ಕಿಸದೆ ಹಾರಿಸುತ್ತಿದ್ದ. ಕೊಟಿಯಾ ಅಂದರೆ ಸಿಂಹಳದಲ್ಲಿ ಚಿರತೆ. ಅಲ್ಲಿಗೆ ಹೋದರೆ ಇಪ್ಪತ್ತು ಇಪ್ಪತ್ತೈದು ಜೀಪು ಒಂದರ ಹಿಂದೆ ಒಂದು, ಡೀಸೆಲ್ ಹೊಗೆ, ದೂರದ ಪೊದೆಯಲ್ಲಿ ಒಂದು ಬಾಲದ ತುದಿ. ಅಪ್ಪ ಸೊಂಟ ಹಿಡಿದುಕೊಂಡು ಕೂತಿದ್ದರು. ಕೊನೆಗೆ ನಾನೇ ಡ್ರೈವರ್‌ಗೆ ಹೇಳಿದೆ: ಚಿರತೆ ಕಾಣದಿದ್ದರೂ ಪರವಾಗಿಲ್ಲ ಮಾರಾಯ, ಜನ ಇಲ್ಲದ ಕಡೆ ನಿಧಾನಕ್ಕೆ ಹೋಗು.

ಅದು ಕೆಲಸ ಮಾಡಿತು. ನವಿಲು, ಜಿಂಕೆ, ನೀರೆಮ್ಮೆ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಇವೆಲ್ಲ ನಮಗೆ ಹೊಸದಲ್ಲ. ಕಾಡುಕೋಳಿ ಹುಂಜ ಮಾತ್ರ ಭಾರಿ ಚಂದ. ಕೆಂಪು ಜುಟ್ಟಿನ ಮಧ್ಯೆ ಅರಿಶಿನ ಬಳಿದ ಹಾಗೆ ಹಳದಿ ಪಟ್ಟೆ. ಆ ಜಾತಿ ಇರೋದು ಆ ದ್ವೀಪದಲ್ಲಷ್ಟೇ, ಅದೇ ಅವರ ರಾಷ್ಟ್ರಪಕ್ಷಿ. ಕರಡಿ ಸಿಗಲಿಲ್ಲ. ಜೂನ್, ಜುಲೈನಲ್ಲಿ ಪಾಲು ಅನ್ನೋ ಮರ ಹಣ್ಣಾದಾಗ ಬಂದರೆ ಮರದ ಮೇಲೇ ಕೂತು ತಿನ್ನುತ್ತಿರುತ್ತವಂತೆ.

ಎಂಟೂವರೆ ಇರಬೇಕು, ಬಿಸಿಲು ಏರಿತ್ತು. ತಿರುವಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದ. ಕೆಂಪು ಮಣ್ಣಿನ ರಸ್ತೆಯ ನಟ್ಟನಡುವೆ ಗಂಡು ಚಿರತೆಯೊಂದು ನಮ್ಮ ಕಡೆಗೇ ಬರುತ್ತಿತ್ತು. ಅವಸರ ಇಲ್ಲ, ಅಂಜಿಕೆ ಇಲ್ಲ. ಒಂದು ಪೊದೆ ಹತ್ತಿರ ನಿಂತು, ತಿರುಗಿ, ಬಾಲ ಎತ್ತಿ ಮೂತ್ರ ಚಿಮ್ಮಿಸಿ ಮತ್ತೆ ನಡೆಯಿತು. ಜೀಪಿನ ಪಕ್ಕ ಹಾದುಹೋಗುವಾಗ ಎಡಗಿವಿ ಸ್ವಲ್ಪ ಹರಿದಿದ್ದು, ಆ ಗಾಯಕ್ಕೆ ನೊಣ ಕೂತಿದ್ದು, ಅದು ಕಿವಿ ಪಟಪಟ ಒದರಿದ್ದು ಎಲ್ಲ ಕಾಣಿಸಿತು. ಅಷ್ಟು ಭಾರದ ಪ್ರಾಣಿ ಕಾಲಿಟ್ಟರೆ ಒಂಚೂರೂ ಸದ್ದಿಲ್ಲ.

ಕಬಿನಿಯಲ್ಲಿ ನಾನು ಮೂರು ಸಲ ಚಿರತೆ ನೋಡಿದ್ದೇನೆ, ಮೂರು ಸಲವೂ ಮರದ ಮೇಲೆ. ಅಲ್ಲಿ ಕೆಳಗಿಳಿದರೆ ಹುಲಿ ಇದೆ, ಸೀಳುನಾಯಿ ಹಿಂಡು ಇದೆ. ಹೆದರಿಕೊಂಡೇ ಬದುಕಬೇಕು. ಲಂಕೆಯಲ್ಲಿ ಹುಲಿ ಇಲ್ಲ, ಸಿಂಹ ಇಲ್ಲ, ಸೀಳುನಾಯಿಯೂ ಇಲ್ಲ. ಕೇಳೋರಿಲ್ಲ! ಜಾತಿ ಅದೇ ಚಿರತೆ, ಆದರೆ ನಡಿಗೆ ಮಾತ್ರ ಮನೆ ಯಜಮಾನನದ್ದು. ಅಪ್ಪನಿಗೆ ಇದನ್ನು ಹೇಳಿದೆ. "ಹೌದು, ಅತ್ತೆ ಇಲ್ಲದ ಮನೆ ಸೊಸೆ ಇದ್ದಂಗೆ" ಅಂದುಬಿಟ್ಟರು. ನನ್ನ ಹೆಂಡತಿ ಅವರ ಕಡೆ ನೋಡಿದ ನೋಟ ಇಲ್ಲಿ ಬರೆಯೋದಿಲ್ಲ.

ಯಾಲಾ ಒಳಗೆ ಸಮುದ್ರ ತೀರದಲ್ಲಿ ಪಟನಂಗಲ ಅನ್ನೋ ಕಡೆ ಜೀಪಿಂದ ಇಳಿಯಲು ಬಿಡುತ್ತಾರೆ. 2004ರ ಸುನಾಮಿಯಲ್ಲಿ ಅಲ್ಲಿದ್ದ ಜನ ಕೊಚ್ಚಿಹೋದರು. ಅವರ ನೆನಪಿಗೊಂದು ಸ್ಮಾರಕ ಇದೆ. ಕಾಡುಪ್ರಾಣಿಗಳ ಹೆಣ ಮಾತ್ರ ಹೆಚ್ಚು ಸಿಗಲಿಲ್ಲವಂತೆ. ಮಗ ಎಷ್ಟೋ ಹೊತ್ತು ಅದನ್ನೇ ಕೇಳುತ್ತಿದ್ದ.

ಕೊನೆಗೆ ಉಡವಲವೆ, ಅದೂ ಆನೆಗಳಿರುವ ಕಾಡೇ. ತಬ್ಬಲಿ ಆನೆಮರಿಗಳನ್ನು ಸಾಕುವ ಕೇಂದ್ರ ಅಲ್ಲಿದೆ, 1995ರಿಂದ ನಡೆಯುತ್ತಿದೆ. ಮುಟ್ಟೋ ಹಾಗಿಲ್ಲ, ಸ್ನಾನ ಮಾಡಿಸೋ ಆಟ ಇಲ್ಲ, ದೂರದಲ್ಲಿ ಕೂತು ಹಾಲು ಕುಡಿಸೋದನ್ನು ನೋಡಬಹುದು ಅಷ್ಟೇ. ದೊಡ್ಡವಾದ ಮೇಲೆ ವಾಪಸ್ ಕಾಡಿಗೆ ಬಿಡುತ್ತಾರೆ. ನನ್ನನ್ನು ಕೇಳಿದರೆ, ಆನೆ ಸವಾರಿಗೆ ಕೊಡುವ ದುಡ್ಡನ್ನು ಇಲ್ಲಿಗೆ ಕೊಡಿ.

ಹೊರಗೆ ಮುಖ್ಯರಸ್ತೆ ಪಕ್ಕ ಉದ್ದಕ್ಕೂ ಕರೆಂಟ್ ಬೇಲಿ. ಅದರಾಚೆ ಗಂಡಾನೆಗಳು ಸುಮ್ನೆ ನಿಂತಿರುತ್ತವೆ. ಹೋಗಿ ಬರುವವರು ಹಣ್ಣು ಎಸೆದು ಎಸೆದು ಮಾಡಿಸಿದ ಅಭ್ಯಾಸ. ಕೊಡಬೇಡಿ ಅಂದರೂ ಕೊಡುತ್ತಾರೆ. ಒಂದಂತೂ ತಂತಿ ಮೇಲಿಂದ ಸೊಂಡಿಲು ಚಾಚಿ ಪ್ರತಿ ಕಾರನ್ನೂ ನೋಡುತ್ತಿತ್ತು. ಅಪ್ಪ ಕಾರು ನಿಲ್ಲಿಸಿ ಅಂದರು. ಇಳಿದು, ದೂರದಲ್ಲೇ ನಿಂತು, ಇವು ತಂತಿ ಮೇಲೆ ಮರ ಕೆಡವಿ ದಾಟೋದು ಕಲಿತಿವೆಯಾ ಅಂತ ಡ್ರೈವರ್‌ನ ಕೇಳು ಅಂತ ನನಗೆ ಹೇಳಿದರು. ಕೇಳಿದೆ. ಅವನು ಜೋರಾಗಿ ನಕ್ಕು, ಎರಡೂ ಕೈ ಎತ್ತಿ, ಮರ ಬೀಳೋದನ್ನು ಅಭಿನಯಿಸಿ ತೋರಿಸಿದ. ಅಪ್ಪನೂ ನಕ್ಕರು.

ಆಮೇಲೆ ಜೇಬಿಂದ ಮೊಬೈಲ್ ತೆಗೆದರು. ಇಡೀ ಪ್ರವಾಸದಲ್ಲಿ ಅವರು ಹೊಡೆದದ್ದು ಅದೊಂದೇ ಫೋಟೊ. ಅದರಲ್ಲಿ ಆನೆ ಅರ್ಧ ಕಟ್ ಆಗಿದೆ, ಬೇಲಿ ಕಂಬ ಮಾತ್ರ ಬುಡದಿಂದ ತುದಿಯವರೆಗೆ ನೀಟಾಗಿ ಬಂದಿದೆ.