ಸುಝೌ: ಬೆಳಗ್ಗೆ ಅರ್ಹಂತರು, ಸಂಜೆ ಸನ್ಯಾಸಿನಿ

ಶಾಂಘೈಯಿಂದ ಸುಝೌಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬಂದವರಲ್ಲಿ ಹೆಚ್ಚಿನವರು ಉದ್ಯಾನಗಳನ್ನು ಸುತ್ತಿ ಸಂಜೆಗೆ ಮರಳುತ್ತಾರೆ. ಹಾಡು, ಕುಣಿತ, ಮಾತು ಕೂಡಿದ ಚೀನೀ ರಂಗಕಲೆ ಕುನ್‌ಚ್ಯು. ಅದರ ‘ಸಿಫಾನ್’ (ಲೋಕದ ಹಂಬಲ) ಪ್ರಸಂಗದಲ್ಲಿ ಮಠ ಬಿಡಲು ಹಂಬಲಿಸುವ ಎಳೆಯ ಸನ್ಯಾಸಿನಿ ಅರ್ಹಂತರ ಮೂರ್ತಿಗಳ ಭಂಗಿಗಳನ್ನು ತಾಳಿ ತೋರಿಸುತ್ತಾಳೆ. ಅದನ್ನು ನೋಡುವ ಆಸೆಯಿದ್ದರೆ ಮೊದಲು ಆ ಮೂರ್ತಿಗಳಿರುವ ಶಿಯುವಾನ್ ಬೌದ್ಧ ದೇವಾಲಯಕ್ಕೆ ಹೋಗಬೇಕು. ಲಿಯುಯುವಾನ್ ಉದ್ಯಾನದಿಂದ ಅಲ್ಲಿಗೆ ನಡೆದೇ ಹೋಗಬಹುದು.

ಅರ್ಹಂತರೆಂದರೆ ಮುಕ್ತಿ ಪಡೆದ ಬೌದ್ಧ ಸಾಧಕರು. ಇಲ್ಲಿನ ಐನೂರು ಅರ್ಹಂತರ ಮಂಟಪಕ್ಕೆ ಚೀನೀ ಲಿಪಿಯ ‘ಗದ್ದೆ’ ಅಕ್ಷರದ ಆಕಾರ: ಒಂದು ಚೌಕ, ಒಳಗೆ ಅಡ್ಡಗೆರೆ, ಉದ್ದಗೆರೆ. ಗೆರೆಗಳ ನಡುವಿನ ನಾಲ್ಕು ಅಂಗಳಗಳಿಂದ ಬೆಳಕು ಬರುತ್ತದೆ. ಓಣಿಗಳು ಒಂದರಂತೆ ಒಂದು ಇರುವುದರಿಂದ ನೋಡಿದ ಸಾಲನ್ನೇ ಮತ್ತೆ ನೋಡುವುದು ಮಾಮೂಲು. ಹೊರಸುತ್ತು ಮುಗಿಸಿ ಒಳಕ್ಕೆ ಬಂದರೆ ದಾರಿ ತಪ್ಪದು. ಚಿನ್ನದ ಲೇಪದ ಮಣ್ಣಿನ ಮೂರ್ತಿಗಳಲ್ಲಿ ಎಲ್ಲರೂ ಹುಡುಕುವುದು ಜೀಗೊಂಗ್ ಎಂಬ ಹುಚ್ಚು ಭಿಕ್ಷುವನ್ನು. ಅವನ ಮುಖ ಒಂದು ಪಕ್ಕದಿಂದ ನಗುತ್ತದೆ, ಇನ್ನೊಂದು ಪಕ್ಕದಿಂದ ಅಳುತ್ತದೆ, ಎದುರು ನಿಂತರೆ ಎರಡೂ. ಸಂಜೆಯ ಆಟಕ್ಕೆ ಬೇಕಾದವರು ಮಾತ್ರ ಬೇರೆ: ಡ್ರ್ಯಾಗನ್ ಪಳಗಿಸಿದವನು, ಹುಲಿ ಪಳಗಿಸಿದವನು, ಉದ್ದ ಹುಬ್ಬಿನವನು, ಚೀಲ ಹೊತ್ತು ನಗುವ ಡೊಳ್ಳುಹೊಟ್ಟೆಯವನು. ಇವರ ಭಂಗಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪಿಂಗ್‌ಜಿಯಾಂಗ್ ರಸ್ತೆಗೆ ಮೆಟ್ರೋ ಒಂದನೇ ಮಾರ್ಗದಲ್ಲಿ ಬಂದು ಶಿಯಾಂಗ್‌ಮೆನ್‌ನಲ್ಲಿ ಇಳಿಯಬೇಕು. ಪಕ್ಕದ ಗಲ್ಲಿಯೊಂದರಲ್ಲಿ ಕುನ್‌ಚ್ಯು ವಸ್ತುಸಂಗ್ರಹಾಲಯವಿದೆ. ಶಾನ್‌ಶಿ ಪ್ರಾಂತದ ವರ್ತಕರು 1879ರಲ್ಲಿ ಕಟ್ಟಿಸಿದ ಛತ್ರ ಅದು. ಒಳಗಿನ ಹಳೆಯ ರಂಗದ ನೆತ್ತಿಯ ಮೇಲೆ, ಸುರುಳಿ ಸುರುಳಿಯಾಗಿ ಏರುವ ಮರದ ಗುಮ್ಮಟ. ಹಾಡು ಅಲ್ಲಿಂದ ಅಂಗಳಕ್ಕೆ ಮರಳಲೆಂದೇ ಈ ರಚನೆ. ಅದೇ ಗಲ್ಲಿಯಲ್ಲಿ ಪಿಂಗ್‌ತಾನ್ ವಸ್ತುಸಂಗ್ರಹಾಲಯವೂ ಇದೆ, ಬಾಗಿಲು ತಪ್ಪುವವರು ಬಹಳ. ತಂತಿವಾದ್ಯ ಹಿಡಿದು ಕುಳಿತು ಕಥೆ ಹೇಳುತ್ತಿದ್ದರೆ ಅದು ಪಿಂಗ್‌ತಾನ್. ಕುನ್‌ಚ್ಯು ಆಟ ದಿನವೂ ಇರುವುದಿಲ್ಲ. ಒಂದು ಸಂಜೆಗೆ ಬೇರೆ ಬೇರೆ ನಾಟಕಗಳ ಬಿಡಿ ಪ್ರಸಂಗಗಳನ್ನು ಜೋಡಿಸುತ್ತಾರೆ, ಆದ್ದರಿಂದ ಪಟ್ಟಿಯಲ್ಲಿ ‘ಸಿಫಾನ್’ ಇದೆಯೇ ಎಂದು ನೋಡಿಯೇ ದಿನ ಗೊತ್ತುಮಾಡಬೇಕು.

ಪ್ರಸಂಗದ ಬೇರು ಮೌದ್ಗಲ್ಯಾಯನನ ಕಥೆಯಲ್ಲಿದೆ. ನರಕಕ್ಕಿಳಿದು ತಾಯಿಯನ್ನು ಬಿಡಿಸುವ ಆ ಬುದ್ಧಶಿಷ್ಯನನ್ನು ಚೀನೀಯರು ಮುಲಿಯನ್ ಎನ್ನುತ್ತಾರೆ. ಝೆಂಗ್ ಝಿಝೆನ್ 1582ರಲ್ಲಿ ಹೊರತಂದ ಸುಮಾರು ನೂರು ದೃಶ್ಯಗಳ ಮುಲಿಯನ್ ನಾಟಕದಲ್ಲೇ ಮಠ ಬಿಟ್ಟು ಬೆಟ್ಟ ಇಳಿಯುವ ಸನ್ಯಾಸಿನಿ ಇದ್ದಾಳೆ. ಕುನ್‌ಚ್ಯುವಿನಲ್ಲಿ ನರಕ ಹಿಂದೆ ಸರಿದು ಹುಡುಗಿಯೇ ಉಳಿದಳು. ನನಗೆ ಕೇಳಿದರೆ, ನಾಟಕಕ್ಕೆ ಲಾಭವೇ.

ಅವಳಿಗೆ ಹದಿನಾರು. ಕೈಯಲ್ಲಿ ಚಾಮರದಂಥ ಬಿಳಿ ಚವರಿ, ಮೈಮೇಲೆ ವಜ್ರಾಕಾರದ ತುಂಡುಗಳ ತೋಳಿಲ್ಲದ ನಿಲುವಂಗಿ. ಈ ಅಂಗಿಗೆ ‘ನೀರುಗದ್ದೆ ಬಟ್ಟೆ’ ಎಂದೇ ಹೆಸರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಭಿಕ್ಷುಗಳ ಚೀವರವನ್ನು ಹಾಗೆ ಹೊಲಿಯಲು ಬುದ್ಧ ತನ್ನ ಶಿಷ್ಯ ಆನಂದನಿಗೆ ಹೇಳಿದನೆಂದು ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದಲ್ಲಿದೆ. ಬೆಳಗ್ಗೆ ಸುತ್ತಿದ ಮಂಟಪದ ಗದ್ದೆ ಸಂಜೆ ಅವಳ ಮೈಮೇಲೆ.

‘ಗಂಡಸಿಗೆ ರಾತ್ರಿಯೋಟದ ಭಯ, ಹೆಂಗಸಿಗೆ ಸಿಫಾನ್ ಭಯ’ ಎಂಬುದು ನಟರ ಮಾತು. ‘ರಾತ್ರಿಯೋಟ’ ಗಂಡುಪಾತ್ರವೊಂದೇ ಆಡುವ ಪ್ರಸಂಗ, ಇದೂ ಹಾಗೆಯೇ. ರಂಗದಲ್ಲಿ ಅವಳೊಬ್ಬಳೇ, ಹಾಡು, ಕುಣಿತ, ಮಾತು ಎಲ್ಲ ಒಂದೇ ಉಸಿರಿನಲ್ಲಿ. ಅರ್ಹಂತರನ್ನು ಎಣಿಸುವ ಭಾಗಕ್ಕೆ ಬಂದಾಗ ಕೊಳಲು ಬಿಡದೆ ಬೆನ್ನಟ್ಟುತ್ತದೆ. ಒಬ್ಬ ಮಂಡಿ ತಬ್ಬಿದ್ದಾನೆ, ಒಬ್ಬ ಗಲ್ಲಕ್ಕೆ ಕೈಯಿಟ್ಟಿದ್ದಾನೆ, ಒಬ್ಬನಿಗೆ ತೂಕಡಿಕೆ. ಅವಳು ಒಂದೊಂದೇ ಭಂಗಿಯನ್ನು ತಾಳಿ ಮರುಕ್ಷಣ ತನ್ನ ಮೈಗೆ ಮರಳಬೇಕು. ಭಂಗಿಯಲ್ಲಿ ಒಂದು ತಾಳ ಹೆಚ್ಚು ನಿಂತರೆ ಅಣಕವಾಗುತ್ತದೆ, ಬೇಗ ಬಿಟ್ಟರೆ ಯಾವ ಅರ್ಹಂತನೆಂದೇ ತಿಳಿಯದು. ಚವರಿಯದು ಇನ್ನೊಂದು ಕಾಟ: ಮಣಿಕಟ್ಟು ಸಡಿಲವಿಲ್ಲದೆ ಬೀಸಿದರೆ ಕೂದಲು ಹಿಡಿಗೆ ಸುತ್ತಿಕೊಳ್ಳುತ್ತದೆ, ಬಿಡಿಸಲು ಪುರಸೊತ್ತಿಲ್ಲ.

ಅದೃಷ್ಟವಿದ್ದರೆ ‘ಜೋಡಿಯಾಗಿ ಬೆಟ್ಟ ಇಳಿತ’ ಎಂಬ ಪ್ರಸಂಗವೂ ಸಿಗುತ್ತದೆ. ಅದರಲ್ಲಿ ಮಠ ಬಿಟ್ಟ ಭಿಕ್ಷುವೊಬ್ಬ, ಹಾಸ್ಯಗಾರನ ವೇಷ, ಕೈ ಮುಟ್ಟದೆ ಜಪಮಾಲೆಯನ್ನು ಕೊರಳಲ್ಲೇ ಗಿರ್ರನೆ ತಿರುಗಿಸುತ್ತಾನೆ. ಹೊಳೆ ಬಂದಾಗ ಬೂಟುಗಳನ್ನು ಹಲ್ಲಿನಲ್ಲಿ ಕಚ್ಚಿ, ಸನ್ಯಾಸಿನಿಯನ್ನು ಬೆನ್ನಿಗೇರಿಸಿಕೊಂಡು, ಇಲ್ಲದ ನೀರಿನಲ್ಲಿ ಹೆಜ್ಜೆ ತಡವುತ್ತಾ ದಾಟುತ್ತಾನೆ.